ಪೂರ್ತಿ ಪಾದದ ಅಳತೆ

2062ರ ಒಂದು ಶುಕ್ರವಾರ ಮುಂಜಾನೆ ಗದಗ ಬಸ್ ನಿಲ್ದಾಣದಲ್ಲಿ, ಹೂವಿನವರ ಸಾಲಿನ ಪಕ್ಕ, ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೊಂದು ಗುಂಯ್‌ಗುಡುತ್ತ ಬೂಟು ಹೆಣೆಯುತ್ತಿತ್ತು. ಗಾಜಿನ ಹಿಂದೆ ಆರುನೂರು ಸೂಜಿಗಳು ಔಡಲೆಣ್ಣೆಯಿಂದ ತೆಗೆದ ನೂಲನ್ನು ಕುಣಿಕೆಯ ಮೇಲೆ ಕುಣಿಕೆ ಹಾಕಿ ಎಳೆಯುತ್ತಿದ್ದವು. ನೇಯ್ದ ಬಟ್ಟೆಯಲ್ಲಿ ಎಳೆಗಳು ಅಡ್ಡ ಉದ್ದ ಬಿಗಿದುಕೊಂಡಿರುತ್ತವೆ. ಹೆಣೆದದ್ದರಲ್ಲಿ ಪ್ರತಿ ಕುಣಿಕೆಯೂ ಒಂದಿಷ್ಟು ಸಡಿಲ, ಹಾಗಾಗಿ ಅದು ಪಾದದೊಂದಿಗೆ ಹಿಗ್ಗಿ ಕುಗ್ಗುತ್ತದೆ. ಮುಂದಿರುವ ಅಳತೆಮಣೆಯ ಮೇಲೆ ನಿಂತರೆ ಸಾಕು. ಪಾದದ ಆಕಾರವನ್ನೂ, ಅದರ ಯಾವ ಭಾಗ ಎಷ್ಟು ಭಾರ ಊರುತ್ತದೆ ಎಂಬುದನ್ನೂ ತಿಳಿದುಕೊಂಡು, ಹನ್ನೆರಡು ನಿಮಿಷದಲ್ಲಿ ಓಡುವ ಬೂಟಿನ ಜೋಡಿಯೊಂದನ್ನು ಯಂತ್ರ ಹೊರಗೆ ನೂಕುತ್ತಿತ್ತು. ನಾಲ್ಕು ಕಡಕ್ ರೊಟ್ಟಿಯಷ್ಟು ತೂಕ. ನಂಬರಿನ ಮಾತೇ ಇಲ್ಲ; ನಿಮ್ಮ ಸೈಜು ಖಾಲಿಯಾಗಿದೆ ಎನ್ನುವ ಅಂಗಡಿಯವನೂ ಇಲ್ಲ.

ಅದನ್ನು ಕಟ್ಟಿದ ಸ್ಫೂರ್ತಿ ಮುಳಗುಂದ ಮೂರು ದಿನದಿಂದ ಎದುರಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ನಲವತ್ತೊಂಬತ್ತು ವರ್ಷದವಳು, ಅದರಲ್ಲಿ ಹನ್ನೊಂದನ್ನು ಧಾರವಾಡದ ಪ್ರಯೋಗಾಲಯದಲ್ಲಿ ಈ ಯಂತ್ರಕ್ಕೇ ಕೊಟ್ಟವಳು. ಗದಗಿನಲ್ಲಿ ಗಂಡಸರ ಬೂಟು ಒಂದೂ ಮರಳಿ ಬಂದಿರಲಿಲ್ಲ. ಹೆಂಗಸರದ್ದು ಹತ್ತರಲ್ಲಿ ಆರು ಜೋಡಿ, ಬೆರಳು ಒತ್ತುತ್ತದೆಂದು ವಾಪಸು. ಶನಿವಾರದೊಳಗೆ ಕಾರಣ ಸಿಗದಿದ್ದರೆ ಹೆಂಗಸರ ಅಳತೆ ನಿಲ್ಲಿಸಿಬಿಡುತ್ತೇವೆ ಎಂದು ಕಂಪನಿ ಹೇಳಿಯಾಗಿತ್ತು. ಅವಳು ಯಂತ್ರ ಕಟ್ಟಲು ಕೂತದ್ದೇ ಹೆಂಗಸರ ಕಾಲನ್ನು ನೆನೆದು.

ರೋಣದ ಬಸ್ಸಿನ ಕಂಡಕ್ಟರ್ ಐಶ್ವರ್ಯಾ ಕಮತರ ತನ್ನ ಮೂರನೇ ಜೋಡಿಯನ್ನು ಹಿಡಿದುಕೊಂಡು ಬಂದಳು. ಐವತ್ತು ದಾಟಿದ, ಬಸ್ಸಿನ ಸೂರಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು.

"ಇದೂ ಬಿಗಿ ಆತ್ರಿ ಮೇಡಂ. ನಿಮ್ಮ ಮಷೀನಿಗೆ ನನ್ನ ಮ್ಯಾಲೆ ಏನೋ ಸಿಟ್ಟೈತಿ."

"ಎಲ್ಲಿ ಒತ್ತತೈತ್ರಿ ಅಕ್ಕಾರ?"

"ಎಲ್ಲಿ ಒತ್ತಂಗಿಲ್ಲ ಅಂತ ಕೇಳ್ರಿ, ಲಗೂನ ಹೇಳ್ತೀನಿ." ಐಶ್ವರ್ಯಾ ನಕ್ಕು ಬೆಂಚಿನ ಮೇಲೆ ಕೂತಳು. "ಸಾಲ್ಯಾಗ ಓಡಾಕ ಹೋದ್ರ ನಮ್ಮಣ್ಣನ ಬೂಟಿಗೆ ಅರಿವಿ ತುರುಕಿ ಹಾಕ್ಕೋತಿದ್ದೆ. ಈಗ ಮುಂಜಾನೆ ಭೀಷ್ಮ ಕೆರಿ ಸುತ್ತ ನಮ್ಮ ಹೆಣ್ಮಕ್ಕಳೆಲ್ಲ ಓಡ್ತಾರ. ನಾ ಒಬ್ಬಾಕಿ ಅವರ ಚೀಲಾ ಕಾಯ್ಕೊಂತ ಕುಂದರ್ತೀನಿ."

"ಇನ್ನೊಮ್ಮೆ ನಿಂದರ್ರಿ, ನೋಡೂಣು."

ಐಶ್ವರ್ಯಾ ಚಪ್ಪಲಿ ಬಿಟ್ಟು, ಬಾಗಿ ಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮೇಲೆ ಹತ್ತಿದಳು. ಸ್ಫೂರ್ತಿ ಮೂರು ದಿನದಿಂದ ಪರದೆಯ ಅಂಕಿಗಳನ್ನಷ್ಟೇ ನೋಡುತ್ತಿದ್ದಳು. ಈಗ ಕಾಲು ನೋಡಿದಳು. ಹಿಮ್ಮಡಿ ಮಣೆಯ ಅಂಚನ್ನಷ್ಟೇ ಮುಟ್ಟಿತ್ತು. ಬೆರಳುಗಳು ಮುದುಡಿದ್ದವು. ನಡುವೆ ಬೆಳಕಿನಲ್ಲಿ ಹೊಳೆಯುವ 'ಪಾದಗಳನ್ನು ಇಲ್ಲಿಡಿ' ಎಂಬ ಅಕ್ಷರಗಳಿಗೆ ಕಾಲು ತಾಕದಂತೆ ಅವಳು ಹಕ್ಕಿಯ ಹಾಗೆ ನಿಂತಿದ್ದಳು.

"ಯಾಕ ಹಂಗ ನಿಂತೀರಿ?"

ಐಶ್ವರ್ಯಾ ಕೆಳಗೆ ನೋಡಿಕೊಂಡಳು. "ಅಕ್ಷರ ಅದಾವಲ್ರಿ ಮತ್ತ. ಸರಸ್ವತಿ ಮ್ಯಾಲೆ ಕಾಲಿಡೂದ? ಅದಕ್ಕ ಬೆಳಕು ಬ್ಯಾರೆ ಹಚ್ಚೀರಿ, ದೀಪ ತುಳದಂಗ ಆಕ್ಕೈತಿ."

"ಗಂಡಸರು ತುಳೀತಾರಲ್ರಿ?"

"ಅವರೆಲ್ಲಿ ಕೆಳಗ ನೋಡ್ತಾರ? ಹತ್ತೂದೂ ಮೊಬೈಲ್ ನೋಡ್ಕೊಂತ, ಇಳಿಯೂದೂ ಮೊಬೈಲ್ ನೋಡ್ಕೊಂತ."

ಸ್ಫೂರ್ತಿಗೆ ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ. ಪೂರ್ತಿ ಭಾರ ಬಿದ್ದಾಗ ಪಾದದ ಕಮಾನು ತಗ್ಗಿ, ಪಾದ ಉದ್ದವಾಗಿ ಹರಡಿಕೊಳ್ಳುತ್ತದೆ. ಈ ಹೆಂಗಸರು ಅರ್ಧ ಭಾರವನ್ನು ತಮ್ಮೊಳಗೇ ಇಟ್ಟುಕೊಂಡು ನಿಂತಿದ್ದರು. ಯಂತ್ರ ಕಂಡಷ್ಟನ್ನೇ ಹೆಣೆದಿತ್ತು.

ಅವಳು ಅಕ್ಷರ, ಬೆಳಕು ಎರಡನ್ನೂ ಆರಿಸಿದಳು. ಬರೀ ಗಾಜಿನ ಮೇಲೂ, ಅಕ್ಷರ ಇನ್ನೂ ಅಲ್ಲೇ ಇವೆಯೆಂಬಂತೆ, ಐಶ್ವರ್ಯಾಳ ಕಾಲು ಹಿಂಜರಿಯಿತು. "ನಮ್ಮ ರೆಸ್ಟ್ ರೂಮಿನ್ಯಾಗ ನವಲಗುಂದದ ಜಮಖಾನ ಐತ್ರಿ, ಹಾಸೂಣೇನು?" ಎಂದು ಅವಳೇ ಕೇಳಿ ಹೋಗಿ ತಂದಳು. ಸ್ಫೂರ್ತಿ ಅದನ್ನು ಮಣೆಯ ಮೇಲೆ ಹಾಸಿ, ಅದರ ದಪ್ಪವನ್ನು ಲೆಕ್ಕದಿಂದ ಕಳೆದಳು.

"ನಿಲ್ಲಬ್ಯಾಡ್ರಿ. ಟಿಕೆಟ್ ಕೊಡಾಕ ಬಸ್ಸಿನ್ಯಾಗ ನಡದಂಗ ಸುಮ್ನ ನಡದು ಬರ್ರಿ."

ಐಶ್ವರ್ಯಾ ನಡೆದಳು. ಪಾದ ಮೊದಲಿಗಿಂತ ಒಂದು ಬೆರಳಿನಗಲ ಉದ್ದವಿತ್ತು.

ಹನ್ನೆರಡು ನಿಮಿಷ ಕಳೆದು ಐಶ್ವರ್ಯಾ ಬೂಟು ತೊಟ್ಟಳು. ಎದ್ದಳು, ಬೆರಳು ಆಡಿಸಿದಳು, ಹೆಗಲಿನ ಚೀಲವನ್ನು ಸ್ಫೂರ್ತಿಯ ಮಡಿಲಿಗೆ ಹಾಕಿ, ನಿಲ್ದಾಣದ ಈ ತುದಿಯಿಂದ ಆ ತುದಿಗೆ ಓಡಿಬಿಟ್ಟಳು. ಕಂಡಕ್ಟರ್ ಓಡುವುದನ್ನು ಕಂಡು, ಬಸ್ಸು ಬಿಟ್ಟಿತೇನೋ ಎಂದು ಇಬ್ಬರು ಪ್ರಯಾಣಿಕರು ಗಂಟುಮೂಟೆ ಸಮೇತ ಅವಳ ಹಿಂದೆ ಓಡಿದರು.

ಸಂಜೆಯೊಳಗೆ ಹದಿನಾಲ್ಕು ಹೆಂಗಸರು ಜಮಖಾನದ ಮೇಲೆ ನಡೆದರು. ಒಬ್ಬರೂ ಬೂಟು ಮರಳಿಸಲಿಲ್ಲ. ಅಳತೆ ಮುಂದುವರಿಸಿ ಎಂದು ಕಂಪನಿಯಿಂದ ಒಂದು ಸಾಲಿನ ಉತ್ತರ ಬಂತು. ಸ್ಫೂರ್ತಿ ಅದನ್ನು ಎರಡು ಸಲ ಓದಿ, ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬಂದು, ಸುಮ್ಮನೆ ತನ್ನ ಬೂಟನ್ನೂ ಕಳಚಿ ಜಮಖಾನದ ಮೇಲೆ ನಡೆದಳು.

ನಾಲ್ಕು ವರ್ಷದಿಂದ ತೊಡುತ್ತಿದ್ದ, ಇದೇ ಯಂತ್ರ ಹೆಣೆದ ಅವಳ ಬೂಟು ಅರ್ಧ ಬೆರಳಿನಗಲ ಗಿಡ್ಡವಿತ್ತು.

ಅವಳು ಪರದೆಯನ್ನೇ ನೋಡುತ್ತ ನಿಂತಳು. ಪ್ರಯೋಗಾಲಯದಲ್ಲಿ ಮೊದಲ ಅಳತೆ ತನ್ನ ಕಾಲಿನದೇ. ಅಂದು ಹೊಸ ಮಣೆಗೆ ಪೂಜೆ ಮಾಡಿ, ಕುಂಕುಮ ಹಚ್ಚಿ, ಕಾಯಿ ಒಡೆದಿದ್ದರು. ಆ ಕುಂಕುಮಕ್ಕೆ ತಾಗದಂತೆ ಅವಳೂ ತುದಿಗಾಲಿನಲ್ಲೇ ನಿಂತಿರಬೇಕು. ಒತ್ತುತ್ತದೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಬೂಟೆಂದರೆ ಅಷ್ಟು ಒತ್ತುವುದೇ ಎಂದುಕೊಂಡಿದ್ದಳು.

ಯಂತ್ರ ನೂಲೆಳೆಯತೊಡಗಿತು. ಅವಳಿಗೆ 2026ರ ಒಂದು ಚಪ್ಪಲಿ ಅಂಗಡಿ ನೆನಪಾಯಿತು. ಆಗ ಅವಳಿಗೆ ಹದಿಮೂರು. ಹೆಂಗಸರ ಕಪಾಟಿನ ಕೊನೆಯ ಜೋಡಿ ಬೂಟನ್ನು ಅವ್ವನ ಮುಂದಿಟ್ಟ ಅಂಗಡಿಯವನು, "ಹಾಕ್ಕೊಂತ ಹಾಕ್ಕೊಂತ ಅಗಲ ಆಕ್ಕೈತಿ, ತಗೋರಿ ಅಕ್ಕಾರ" ಎಂದಿದ್ದ. ಅವ್ವ ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದು, "ಸರಿ ಐತಿ" ಎಂದಳು. ಬೂಟು ಅಗಲವಾಗಲೇ ಇಲ್ಲ. ಅವ್ವ ಮತ್ತೆ ಆ ಮಾತೆತ್ತಲಿಲ್ಲ. ಸರಿ ಐತಿ ಎಂದು ಅವ್ವ ಮನೆಗೆ ತಂದದ್ದು ಆ ಬೂಟೊಂದನ್ನೇ ಆಗಿರಲಾರದು.

ಇನ್ನೂ ಒಂಬತ್ತು ನಿಮಿಷವಿತ್ತು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಸ್ಫೂರ್ತಿ ಬರಿಗಾಲಿನಲ್ಲಿ, ಹತ್ತೂ ಬೆರಳು ಬಿಡಿಸಿಕೊಂಡು, ತನ್ನ ಪೂರ್ತಿ ಭಾರ ಬಿಟ್ಟು ನಿಂತಿದ್ದಳು.