ರಿವರ್ಸ್ ಗೇರಿನ ಹಾಡು

ಬೆಳಿಗ್ಗೆ ಎಂಟು ಹತ್ತಕ್ಕೆ ಕಾಡಪ್ಪನ ಟೆಂಪೊ ರಿವರ್ಸ್ ಗೇರಿಗೆ ಬಿತ್ತು. ಶೀತಲ್ ಒಂದೇ ಜಡೆಯಲ್ಲಿ ಬೀದಿಗೆ ಓಡಿದಳು. ಇನ್ನೊಂದು ಜಡೆಯ ರಿಬ್ಬನ್ ಅಜ್ಜಿಯ ಕೈಯಲ್ಲೇ ಉಳಿಯಿತು.

"ಏ ಹುಡುಗಿ, ನಿಂದ್ರ! ಅರ್ಧ ತಲಿ ಬಾಚ್ಕೊಂಡು ಎಲ್ಲಿಗೆ ಹೊಂಟಿ?" ಬಸಮ್ಮಜ್ಜಿ ಬಾಚಣಿಗೆ ಹಿಡಿದು ಹೊಸ್ತಿಲ ತನಕ ಬಂದರು.

"ಟ್ಯೂನ್ ಕೇಳಿ ಬಂದ್ಬಿಟ್ಟೆ ಅಜ್ಜಿ!"

ರಾಜಗೋಪಾಲನಗರದ ಆ ಬೀದಿಗೆ ಒಂದೇ ಬಾಯಿ. ಇನ್ನೊಂದು ಕೊನೆಯಲ್ಲಿ ಕಬ್ಬಿಣದ ಸಾಮಾನು ಕಡೆಯುವ ಲೇತ್ ಶೆಡ್ಡಿನ ಗೇಟು. ಎರಡೂ ಕಡೆ ಚರಂಡಿ. ಸಾಮಾನು ತುಂಬಿಕೊಳ್ಳಲು ಬಂದ ಗಾಡಿಯನ್ನು ತಿರುಗಿಸಲು ಅಲ್ಲಿ ಜಾಗವಿಲ್ಲ. ಬಂದ ದಾರಿಯಲ್ಲೇ ಹಿಂದೆ ಹಿಂದೆ ಹೋಗಿ ಮೇನ್ ರೋಡ್ ಸೇರಬೇಕು.

ಅದು 1998ನೇ ಇಸವಿ. ಶೆಡ್ಡಿಗೆ ಬರುವ ಎಲ್ಲ ಗಾಡಿಗೂ ರಿವರ್ಸ್ ಹಾರ್ನ್ ಇತ್ತು. ಡ್ರೈವರ್ ರಿವರ್ಸ್ ಗೇರ್ ಹಾಕಿದ ಕೂಡಲೇ ಹಿಂದಿರುವವರು ಸರಿಯಲಿ ಎಂದು ಒಂದು ಪುಟ್ಟ ಡಬ್ಬಿ ಟೀಂ ಟೀಂ ಎಂದು ಹಾಡತೊಡಗುತ್ತಿತ್ತು. ಗೇರ್ ತೆಗೆದರೆ ಹಾಡು ಅಲ್ಲಿಗೇ ಕಟ್. ಬೇರೆ ಬೀದಿಗಳಲ್ಲಿ ಅದು ಶುರುವಾಗುವುದರೊಳಗೆ ನಿಂತುಹೋಗುತ್ತಿತ್ತು. ಈ ಬೀದಿಯಲ್ಲಿ ಉದ್ದಕ್ಕೂ ಕೇಳಿಸುತ್ತಿತ್ತು. ಇಲ್ಲಿನ ಮಕ್ಕಳು ಕಣ್ಣು ಮುಚ್ಚಿಕೊಂಡೇ ಯಾವ ಗಾಡಿ ಎಂದು ಹೇಳುತ್ತಿದ್ದರು.

ಕಾಡಪ್ಪನ ಟೆಂಪೊಗೆ ಹೋದ ವಾರ ಹೊಸ ಟ್ಯೂನ್ ಬಂದಿತ್ತು. ಅದು ಒಂದೊಂದೇ ಸ್ವರವನ್ನು ಇಟ್ಟು, ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗುತ್ತಿತ್ತು. ನಡುವೆ ಒಂದು ಮೆಟ್ಟಿಲು ಹಾರುತ್ತಿತ್ತು. ತುದಿ ತಲುಪಿದ ಮೇಲೆ ಎರಡು ಸ್ವರಗಳು ಒಂದನ್ನೊಂದು ಅಟ್ಟಿಸಿಕೊಂಡು ಗಿರ್ರನೆ ಸುತ್ತುತ್ತಿದ್ದವು. ಸರಿಯಾಗಿ ಆಗಲೇ ಟೆಂಪೊ ಮೇನ್ ರೋಡ್ ಮುಟ್ಟುತ್ತಿತ್ತು. ಕಾಡಪ್ಪ ಫಸ್ಟ್ ಗೇರ್ ಹಾಕುತ್ತಿದ್ದ. ಕಟ್!

ಇವತ್ತೂ ಹಾಗೇ ಆಯಿತು.

"ಛೆ!" ಎಂದಳು ಶೀತಲ್.

ಪಕ್ಕದ ಮನೆಯ ನರೇಶ್ ಜಗುಲಿಯ ಮೇಲೆ ಕೂತು ಶೂ ಲೇಸ್ ಕಟ್ಟುತ್ತಿದ್ದ. ಇಬ್ಬರೂ ಒಂದೇ ಕ್ಲಾಸು. "ಏನ್ ದಿನಾ ಛೆ ಅಂತೀಯ? ಯಾವ್ದೋ ಸಿನಿಮಾ ಹಾಡು ಕಣೇ ಅದು."

"ಯಾವ ಸಿನಿಮಾ? ಹೇಳು ನೋಡೋಣ."

"ತಮಿಳಿರ್ಬೇಕು."

"ಎದುರುಮನೆ ಆಂಟೀನ ಕೇಳ್ದೆ. ತಮಿಳಲ್ಲ ಅಂದ್ರು."

"ಹಂಗಾದ್ರೆ ಇಂಗ್ಲಿಷು."

"ಇಂಗ್ಲಿಷ್ ಸಿನಿಮಾದಲ್ಲಿ ಬರೀ ಗುಂಡು ಹಾರಿಸ್ತಾರೆ, ಹಾಡ್ತಾರೇನೋ?"

ನರೇಶ್ ಇನ್ನೊಂದು ಶೂಗೆ ಕೈ ಹಾಕಿದ.

ಶುಕ್ರವಾರ ಶೀತಲ್ ನರೇಶನನ್ನೂ ಕರೆದುಕೊಂಡು ಶೆಡ್ಡಿನ ಗೇಟಿನ ಹತ್ತಿರವೇ ಕಾಯುತ್ತ ನಿಂತಳು. "ಕಾಡಪ್ಪಣ್ಣ, ನಿಮ್ ಟ್ಯೂನ್ ಮುಂದೆ ಹೆಂಗಿದೆ?"

"ಮುಂದೆ ಅಂದ್ರೆ?"

"ನೀವು ಗೇರ್ ತೆಗೆದ್ಮೇಲೆ."

ಕಾಡಪ್ಪ ತಲೆ ಕೆರೆದುಕೊಂಡ. "ಗೇರ್ ತೆಗೆದ್ಮ್ಯಾಕೆ ಅದು ಎಲ್ಲಿ ಹಾಡ್ತದೆ ಮರಿ? ನಾನೂ ಕೇಳಿಲ್ಲ. ಇನ್ನು ಕೇಳೋದೂ ಇಲ್ಲ ಬಿಡು. ನಾಳೆ ಮಧ್ಯಾಹ್ನ ತೆಗೆಸಿಬಿಡ್ತೀನಿ."

"ಯಾಕೆ?"

"ನಮ್ ಓನರ್ರಿಗೆ ಹಿಡಿಸಿಲ್ಲ. ಇದ್ಯಾವ್ದೋ ಯಾರಿಗೂ ಗೊತ್ತಿಲ್ದೇ ಇರೋದು, ಸಿನಿಮಾ ಹಾಡು ಹಾಕ್ಸು ಅಂದವ್ರೆ."

ಶೀತಲಳ ಮುಖ ಸಣ್ಣದಾಯಿತು. ನರೇಶನಿಗೆ ಅದು ಕಂಡಿತು. "ಅಣ್ಣ, ತೆಗೆಸೋಕೆ ಹೋಗುವಾಗ ನಾವೂ ಬರ್ಲಾ?" ಎಂದು ಅವನೇ ಕೇಳಿದ.

"ಮನೇಲಿ ಹೇಳಿ ಬನ್ನಿ. ಇಲ್ದಿದ್ರೆ ನಾನು ಕರ್ಕೊಂಡೋಗಕಿಲ್ಲ."

ಬಸಮ್ಮಜ್ಜಿ ಎರಡು ಮಾತಿಗೆ ಒಪ್ಪಲಿಲ್ಲ. ಮೂರನೆಯ ಮಾತಿಗೆ, "ಹಂಗಾರ ನಾನೂ ಬರ್ತೀನಿ" ಎಂದರು.

ಶನಿವಾರ ಅರ್ಧ ದಿನ ಸ್ಕೂಲ್ ಮುಗಿಸಿ, ಊಟ ಮಾಡಿ, ಮೂವರೂ ಟೆಂಪೊ ಹತ್ತಿದರು. ಅಜ್ಜಿ ಸೆರಗು ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತರು. "ತಮ್ಮಾ, ಸಾವಕಾಶ ಓಡಿಸು. ಕಬ್ಬಿಣ ತುಂಬೀನಿ ಅಂತ ತಿಳ್ಕೋಬ್ಯಾಡ" ಎಂದರು. ಕಾಡಪ್ಪ ದಾರಿಯುದ್ದಕ್ಕೂ ನಗುತ್ತಲೇ ಓಡಿಸಿದ.

ರಿವರ್ಸ್ ಹಾರ್ನ್ ಮಾಡುವ ಜಾಗ ಲಗ್ಗೆರೆಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿತ್ತು. ಅಜ್ಜಿ ಕೆಳಗೇ ನಿಂತರು. "ಇಲ್ಲಿ ಜ್ವಾಳ ಬೀಸ್ತಾರೇನು? ಕೇಳಿ ಬರ್ತೀನಿ, ನೀವು ನಡೀರಿ."

ಮೇಲೆ ಒಂದೇ ಕೋಣೆ. ಉದ್ದನೆಯ ಟೇಬಲ್ಲಿನ ತುಂಬ ವೈರು, ಸ್ಪೀಕರು, ಸ್ಕ್ರೂ. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದವರು ಶೇಖರಪ್ಪ, ಆ ಯೂನಿಟ್ಟಿನ ಯಜಮಾನರು. ಕಾಡಪ್ಪ ಗಾಡಿಯಿಂದ ಬಿಚ್ಚಿ ತಂದಿದ್ದ ಹಾರ್ನ್ ಡಬ್ಬಿಯನ್ನು ಟೇಬಲ್ ಮೇಲಿಟ್ಟು ವಿಷಯ ಹೇಳಿದ.

"ಸಾರ್, ಈ ಟ್ಯೂನ್ ಯಾವ ಮೆಷಿನ್ ಮಾಡುತ್ತೆ?" ಎಂದು ಕೇಳಿದಳು ಶೀತಲ್.

ಶೇಖರಪ್ಪ ಜೋರಾಗಿ ನಕ್ಕರು. "ಮಹಾಲಕ್ಷ್ಮಿ, ಇಲ್ನೋಡು, ಮೆಷಿನ್ನನ್ನ ನೋಡೋಕೆ ಬಂದಿದ್ದಾರೆ!"

ಟೇಬಲ್ಲಿನ ಆ ತುದಿಯಲ್ಲಿ ಬೆಸುಗೆ ಹಾಕುತ್ತಿದ್ದ ಅಕ್ಕ ತಲೆ ಎತ್ತಿದಳು. ಪಾಲಿಟೆಕ್ನಿಕ್ ಮುಗಿಸಿ ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದವಳು.

"ನೀವಾ ಮಾಡಿದ್ದು?" ಶೀತಲ್ ಬಾಯಿ ಬಿಟ್ಟು ನಿಂತಳು. ಟ್ಯೂನ್ ಗಾಡಿಯ ಜೊತೆಗೇ ಬರುತ್ತದೆ, ಚಕ್ರ ಬಂದ ಹಾಗೆ, ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು.

"ನಾನೇ. ಯಾಕೆ, ತಲೆನೋವು ಬಂತಾ?"

"ಅಯ್ಯೋ ಇಲ್ಲ ಅಕ್ಕ! ಸಕ್ಕತ್ತಾಗಿದೆ. ಮೇಲೆ ಹೋಗಿ ಗಿರ್ರ್ ಅಂತ ಸುತ್ತುತ್ತಲ್ಲ, ಅದಾದ್ಮೇಲೆ ಏನು?"

ಮಹಾಲಕ್ಷ್ಮಿ ಬೆಸುಗೆಯ ಕಡ್ಡಿ ಕೆಳಗಿಟ್ಟಳು. "ಅದನ್ನ ಕೇಳಿದ್ದು ನೀನೇ ಫಸ್ಟು" ಎಂದು, ಡಬ್ಬಿಗೆ ಎರಡು ವೈರು ಸಿಕ್ಕಿಸಿ ಬಟನ್ ಒತ್ತಿದಳು.

ಟ್ಯೂನ್ ಮೆಟ್ಟಿಲು ಹತ್ತಿತು. ತುದಿಯಲ್ಲಿ ಗಿರ್ರನೆ ಸುತ್ತಿತು. ಆಮೇಲೆ ಒಂದು ಕ್ಷಣ ಸುಮ್ಮನಾಯಿತು. ಮತ್ತೆ ಕುಣಿಯುತ್ತ, ಎರಡೆರಡು ಮೆಟ್ಟಿಲು ಹಾರುತ್ತ, ಕೆಳಗಿಳಿದು ಬಂದು ಒಂದು ದಪ್ಪ ಸ್ವರದ ಮೇಲೆ ಕೂತುಬಿಟ್ಟಿತು.

ಕಾಡಪ್ಪ ಕಣ್ಣರಳಿಸಿದ. "ಇಷ್ಟುದ್ದ ಐತಾ ಇದು? ನನ್ ಗಾಡೀದೇ?"

"ಚಿಕ್ಕಬಾಣಾವರ ಸ್ಟೇಷನ್ನಲ್ಲಿ ಹೊಳೆದಿದ್ದು" ಎಂದಳು ಮಹಾಲಕ್ಷ್ಮಿ. "ನಾನು ಅಲ್ಲಿಂದ್ಲೇ ಬರೋದು. ಟ್ರೈನ್ ಲೇಟು. ಬರುತ್ತಾ ಬರುತ್ತಾ ಅಂತ ಕಾಯೋದು ಹತ್ತೋ ಭಾಗ. ಬಂತು ಅಂತ ಓಡೋದು ಇಳಿಯೋ ಭಾಗ."

"ಎರಡು ಸ್ವರ ಒಟ್ಟಿಗೆ ಹೆಂಗೆ ಬರುತ್ತೆ?" ಇದು ನರೇಶನ ಪ್ರಶ್ನೆ.

"ಬರಲ್ಲ ಕಣೋ. ಈ ಚಿಪ್ ಒಂದು ಸಲಕ್ಕೆ ಒಂದೇ ಸ್ವರ ಹಾಡೋದು. ಅದೊಂದು ಚೂರು, ಇದೊಂದು ಚೂರು ಅಂತ ಬೇಗ ಬೇಗ ಬದಲಾಯಿಸಿದ್ರೆ ಎರಡಿದೆ ಅಂತ ಕಿವಿಗೆ ಮೋಸ ಆಗುತ್ತೆ. ಶೇಖರಪ್ಪ ಸಾರ್ ಕಲಿಸಿದ್ದು. ಅವರ ಟ್ಯೂನ್ ಕೇಳ್ಬೇಕು ನೀವು, ಕಪ್ಪೆ ಕುಪ್ಪಳಿಸಿದ ಹಾಗಿರುತ್ತೆ."

"ಕಪ್ಪೆ ಅಂತಾಳೆ ನೋಡಿ" ಎಂದರು ಶೇಖರಪ್ಪ. ಅವರಿಗೆ ಖುಷಿಯಾಗಿತ್ತು.

ಮಹಾಲಕ್ಷ್ಮಿ ಡಬ್ಬಿಯಿಂದ ಬೂದುಬಣ್ಣದ ಚಿಪ್ ಕಿತ್ತಳು. ಜರಿಹುಳದ ಹಾಗೆ ಅದಕ್ಕೆ ಎರಡೂ ಕಡೆ ಕಾಲುಗಳು. ಬೆನ್ನಿನ ಸ್ಟಿಕ್ಕರ್ ಸುಲಿದರೆ ಕೆಳಗೊಂದು ಪುಟ್ಟ ಗಾಜಿನ ಕಿಟಕಿ.

"ಇದನ್ನ ಆ ಪೆಟ್ಟಿಗೇಲಿಟ್ಟು ಲೈಟ್ ಹಾಕಿದ್ರೆ ಟ್ಯೂನ್ ಅಳಿಸಿಹೋಗುತ್ತೆ. ಸ್ಲೇಟ್ ಒರೆಸಿದ ಹಾಗೆ. ಆಮೇಲೆ ಸಿನಿಮಾ ಹಾಡು."

"ಬೇಡ ಅಕ್ಕ!"

"ಟ್ಯೂನ್ ಕಾಗದದಲ್ಲಿ ಬರೆದಿಟ್ಟಿದ್ದೀನಿ ಪುಟ್ಟಿ, ಕಳೆದುಹೋಗಲ್ಲ." ಮಹಾಲಕ್ಷ್ಮಿ ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. "ಆದ್ರೆ ಡ್ರಾಯರ್‌ನಲ್ಲಿರೋ ಕಾಗದ ಬೀದೀಲಿ ಹಾಡಲ್ಲ, ಅಷ್ಟೇ. ಒಂದೇ ಗಾಡಿಗೆ ಹಾಕಿದ್ವಿ, ಅದೂ ವಾಪಸ್ ಬಂತು."

ಶೀತಲ್ ಚಿಪ್ಪನ್ನೇ ನೋಡುತ್ತಿದ್ದಳು. ಆಮೇಲೆ ಕಾಡಪ್ಪನ ಕಡೆ ತಿರುಗಿದಳು. "ಅಣ್ಣ, ನಿಮ್ ಓನರ್ ಎಲ್ಲಿ ಕೇಳ್ತಾರೆ ಟ್ಯೂನ್?"

"ಗೋಡೌನ್ನಾಗೆ."

"ಅಲ್ಲಿ ಎಷ್ಟು ದೂರ ರಿವರ್ಸ್ ಹೋಗ್ತೀರ?"

"ಎಷ್ಟು ದೂರ, ಎರಡು ಗಾಡಿ ಉದ್ದ. ಹಾಡು ಒಂದು ಸಾಲು ಮುಗಿಯೋದ್ರೊಳಗೆ ನಿಂತೋಯ್ತದೆ."

"ಹಂಗಾದ್ರೆ ಒಂದೇ ಸಾಲು ಸಿನಿಮಾ ಹಾಡು ಹಾಕಿ ಅಕ್ಕ. ಅದಾದ್ಮೇಲೆ ನಿಮ್ದು. ನಮ್ ಬೀದಿ ಉದ್ದ ಇದೆಯಲ್ಲ, ಅಲ್ಲಿ ಬರುತ್ತೆ ಅದು!"

ಕೆಳಗೆ ಗಿರಣಿ ಗರಗರ ತಿರುಗುತ್ತಿತ್ತು.

ಶೇಖರಪ್ಪ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. "ಕಾಡಪ್ಪ, ಓನರ್ ಕೇಳಿದ್ದು ಸಿನಿಮಾ ಹಾಡು ತಾನೆ? ಅದು ಇರುತ್ತೆ. ಮಿಕ್ಕ ಜಾಗದಲ್ಲಿ ಏನಿರಬಾರದು ಅಂತ ಅವರೇನೂ ಹೇಳಿಲ್ಲವಲ್ಲ?"

"ಇಲ್ಲ ಸಾರ್. ನನ್ನನ್ನಂತೂ ಯಾರೂ ಕೇಳಕಿಲ್ಲ."

ಆದರೂ ಹೊಸದನ್ನು ಬರೆಯಲು ಚಿಪ್ ಒಮ್ಮೆ ಪೂರ್ತಿ ಖಾಲಿಯಾಗಲೇಬೇಕಿತ್ತು. ಪೆಟ್ಟಿಗೆಯ ಮುಚ್ಚಳ ಬಿದ್ದಾಗ ಶೀತಲ್ ನರೇಶನ ಅಂಗಿಯ ತುದಿ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

ಚಿಪ್ ಹೊರಗೆ ಬಂದ ಮೇಲೆ ಮಹಾಲಕ್ಷ್ಮಿ ಅದನ್ನು ಗುಂಡಿಗಳಿದ್ದ ಒಂದು ಹಲಗೆಗೆ ಸಿಕ್ಕಿಸಿ, ಅದರ ಮುಂದೆ ಕೂತಳು. ಮೊದಲು ಸಿನಿಮಾ ಹಾಡಿನ ಸಾಲನ್ನು ಒತ್ತಿದಳು. ಆಮೇಲೆ ತನ್ನ ಟ್ಯೂನಿನ ಕಾಗದವನ್ನು ಮಕ್ಕಳ ಕೈಗೆ ಕೊಟ್ಟಳು. ಪ್ರತಿ ಸ್ವರಕ್ಕೂ ಎರಡು ಸಂಖ್ಯೆ: ಯಾವ ಸ್ವರ, ಎಷ್ಟು ಹೊತ್ತು. ನರೇಶ್ ಓದಿದ. ಅವನು ಸಾಲು ತಪ್ಪದ ಹಾಗೆ ಶೀತಲ್ ಬೆರಳಿಟ್ಟು ತೋರಿಸಿದಳು.

"ಕೊನೇ ಸ್ವರ" ಎಂದ ನರೇಶ್.

ಮಹಾಲಕ್ಷ್ಮಿ ಕೈ ತಡೆದಳು. "ಇದನ್ನ ಎಷ್ಟು ಹೊತ್ತು ಇಡೋಣ? ನೀನು ಹೇಳು ಶೀತಲ್."

"ಇರೋದಕ್ಕಿಂತ ಜಾಸ್ತಿ."

"ಎಷ್ಟು ಜಾಸ್ತಿ?"

ಶೀತಲ್ ಕಣ್ಣು ಮುಚ್ಚಿ, ಆ ಸ್ವರವನ್ನು ಬಾಯಲ್ಲೇ ಹಿಡಿದು ನಿಂತಳು. ಉಸಿರು ಮುಗಿದಾಗ ಬಿಟ್ಟಳು. "ಇಷ್ಟು."

ಮಹಾಲಕ್ಷ್ಮಿ ಅಷ್ಟೇ ಹಾಕಿದಳು.

ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಜ್ವಾಳ ಬೀಸ್ತಾರಂತ! ಮತ್ತ, ನಿಮ್ಮ ಕೆಲಸ ಏನಾತು?"

ಸೋಮವಾರ ಬೆಳಿಗ್ಗೆ ಶೀತಲ್ ಎರಡೂ ಜಡೆ ಹಾಕಿಸಿಕೊಂಡೇ ಹೊರಗೆ ಬಂದಳು. ಬೀದಿಯ ಬಾಯಲ್ಲಿ ಮಹಾಲಕ್ಷ್ಮಿ ಊಟದ ಡಬ್ಬಿಯ ಚೀಲ ಹಿಡಿದು ನಿಂತಿದ್ದಳು. ತಾನು ಮಾಡಿದ ಟ್ಯೂನನ್ನು ಅವಳು ಈವರೆಗೆ ಟೇಬಲ್ ಮೇಲಷ್ಟೇ ಕೇಳಿದ್ದಳು.

ಶೆಡ್ಡಿನ ಗೇಟಿನಲ್ಲಿ ಟೆಂಪೊ ರಿವರ್ಸಿಗೆ ಬಿತ್ತು. ಎಲ್ಲರಿಗೂ ಗೊತ್ತಿದ್ದ ಸಿನಿಮಾ ಹಾಡು ಶುರುವಾಯಿತು.

"ಅಯ್ಯೋ, ಚೇಂಜ್ ಆಗೋಯ್ತಾ?" ಎಂದರು ಎದುರುಮನೆಯ ಆಂಟಿ.

"ತಡೀರಿ ಆಂಟಿ" ಎಂದ ನರೇಶ್.

ಸಾಲು ಮುಗಿಯಿತು. ಟ್ಯೂನ್ ಮೆಟ್ಟಿಲು ಹತ್ತತೊಡಗಿತು. ಕಾಡಪ್ಪ ಆಮೆಯ ಹಾಗೆ ಹಿಂದೆ ಬರುತ್ತಿದ್ದ. ಗಿರ್ರನೆ ಸುತ್ತುವ ಹೊತ್ತಿಗೆ ಗಾಡಿ ಮೇನ್ ರೋಡಿನ ಅಂಚಿಗೆ ಬಂತು. ಕಾಡಪ್ಪ ಗೇರ್ ತೆಗೆಯಲಿಲ್ಲ. ಕ್ಲಚ್ ಒತ್ತಿ ಹಿಡಿದು, ನಿಂತಲ್ಲೇ ನಿಂತ. ಒಂದು ಸಿಟಿ ಬಸ್ಸು ಪೋಂ ಪೋಂ ಎಂದಿತು.

"ಒಂದ್ ನಿಮಿಷ ಗುರು! ಮುಗೀತು, ಮುಗೀತು!" ಕಾಡಪ್ಪ ಕಿಟಕಿಯಿಂದ ಕೈ ಬೀಸಿದ.

ಟ್ಯೂನ್ ಕುಣಿಯುತ್ತ ಕೆಳಗಿಳಿಯಿತು. ಕೊನೆಯ ಸ್ವರ ಬಸ್ಸಿನ ಹಾರ್ನಿನ ನಡುವೆಯೂ ನಿಂತಿತು, ಶೀತಲಳ ಒಂದು ಉಸಿರಿನಷ್ಟು. ನರೇಶ್ ಶಿಳ್ಳೆ ಹೊಡೆದ. ಮಹಾಲಕ್ಷ್ಮಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು, ಮತ್ತೆ ಈ ಕೈಗೆ.

ಟೆಂಪೊ ಹೋಯಿತು. ರಸ್ತೆಯ ಆಚೆ, ಬೇಕರಿಯ ಮುಂದೆ, ಒಂದು ಬಿಳಿ ಕಾರು ರಿವರ್ಸ್ ಬರತೊಡಗಿತು. ಅದರ ಟ್ಯೂನನ್ನು ಶೀತಲ್ ಎಷ್ಟೋ ಸಲ ಕೇಳಿದ್ದಳು.

"ಅಕ್ಕ, ಇದು ಯಾರ್ದು?"

ಮಹಾಲಕ್ಷ್ಮಿ ಕಿವಿಗೊಟ್ಟಳು. "ಗೊತ್ತಿಲ್ವಲ್ಲೇ. ನಮ್ದಲ್ಲ. ಸಾರ್‌ದೂ ಅಲ್ಲ."

"ಯಾರೋ ಒಬ್ರು ಮಾಡಿರ್ಲೇಬೇಕಲ್ವಾ?"

"ಮಾಡಿರ್ಲೇಬೇಕು."

ಇಬ್ಬರೂ ರಸ್ತೆ ದಾಟಿದರು. ನರೇಶ್ ಹಿಂದೆಯೇ ಓಡಿದ. ಕಾರಿನ ಡ್ರೈವರ್ ಗಾಜು ಇಳಿಸಿ, ಹಾರ್ನನ್ನು ಯಶವಂತಪುರದಲ್ಲಿ ಹಾಕಿಸಿದ್ದೆಂದು ಹೇಳಿ, ಅಂಗಡಿಯ ಗುರುತು ಕೊಟ್ಟ. ಅವತ್ತು ಶೀತಲ್ ಮತ್ತು ನರೇಶ್ ಪ್ರೇಯರ್ ಮುಗಿದ ಮೇಲೆ ಸ್ಕೂಲು ತಲುಪಿದರು.