ಕೆಂಪು ವಸ್ತ್ರದ ಗಂಟು

ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ಆಚೆ ತಾಳೇಪಟ್ಟಣವೆಂಬ ರಾಜ್ಯ, ಅಲ್ಲಿ ಸಾವಿರ ಓಲೆಗರಿ ಪುಸ್ತಕಗಳ ಭಂಡಾರ. ವರ್ಷಕ್ಕೊಂದು ದಿನ ಪುಸ್ತಕಗಳನ್ನು ಕೆಂಪು ವಸ್ತ್ರದಲ್ಲಿ ಕಟ್ಟಿ ಪೂಜೆಗಿಡುವರು. ಆ ದಿನ ಯಾರೂ ಓದುವಂತಿಲ್ಲ. ಒಂದು ವರ್ಷ ಕಾಳಮುಷ್ಟಿಯೆಂಬ ಮಾಂತ್ರಿಕ ಬಂದು, "ದಿನಾ ಪೂಜೆ ಮಾಡಿದರೆ ದಿನಾ ಪುಣ್ಯವಲ್ಲವೇ?" ಎಂದ. ಜನ ತಲೆಯಾಡಿಸಿದರು. ಗಂಟು ಮತ್ತೆ ಬಿಚ್ಚಲೇ ಇಲ್ಲ.

ಅಂದಿನಿಂದ ಅವನ ಮಾಟಕ್ಕೆ ಯಾರ ಕಾಲೂ ನಿಲ್ಲದಾಯಿತು. ಉಣ್ಣುವವರು ನಡೆಯುತ್ತಲೇ ಉಂಡರು. ರಾಜ ಸಿಂಹಾಸನದ ಸುತ್ತ ಸುತ್ತಿದ, ಕೂರಲಾಗಲಿಲ್ಲ. ಆ ಊರಿನ ಬಡಾಯಿಗಾರ ಜಟ್ಟಿ ಕೆಂಚನ ತಂಗಿ ನಿಂಗಿಯ ಕಾಲು ಮಾತ್ರ ಪಡುವಣದ ಪ್ರಪಾತದ ಕಡೆಗೇ ಎಳೆಯುತ್ತಿತ್ತು. ಕೆಂಚ ಅವಳ ನಡುವಿಗೆ ಹಗ್ಗ ಬಿಗಿದು ಪ್ರಪಾತದಂಚಿನ ಆಲದ ಮರಕ್ಕೆ ಕಟ್ಟಿದ್ದ.

"ಅಣ್ಣಾ, ಹಗ್ಗ ಸವೀತಿದೆ. ಸಂಜೆವರೆಗೂ ತಡೆಯಲ್ಲ."

"ಅಷ್ಟರೊಳಗೆ ಆ ಮಾಂತ್ರಿಕನ ಮೂಗು ಮುರಿದು ಬರ್ತೀನಿ. ಈ ಸೀಮೆಯಲ್ಲಿ ನನ್ನಂಥ ಗಂಡು ಇನ್ನೊಬ್ಬ ಇದ್ದಾನಾ?"

"ಇದ್ದರೆ ಅವನನ್ನೇ ಕಳಿಸು. ಮಾತಾದರೂ ಕಡಿಮೆ ಆಡ್ತಾನೆ."

ಭಂಡಾರದ ಮೊದಲ ಬಾಗಿಲಲ್ಲಿ ಕಲ್ಲಿನ ಹುಲಿ ಗರ್ಜಿಸಿತು. ಕೆಂಚ ಕೊರಳು ಹಿಡಿದು ಉರುಳಿಸಿದ. ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು ಬುಸುಗುಟ್ಟಿತು. ಅದರ ಬಾಲವನ್ನೇ ಹೆಡೆಗಳಿಗೆ ಸುತ್ತಿ ಬಿಗಿದ. ಮೂರನೆಯ ಬಾಗಿಲಲ್ಲಿ ಕಾಳಮುಷ್ಟಿ ಒಂದು ಓಲೆ ಚಾಚಿ ಅಣಕಿಸುತ್ತ ನಿಂತಿದ್ದ.

"ಬಲ ತೋರಿಸಿದ್ದು ಸಾಕು ಕಣೋ. ಕೂತು ಇದನ್ನು ಓದು. ಓದಿದರೆ ಮಾಟ ಮುರಿಯುತ್ತೆ."

"ಇದರಲ್ಲಿ ಏನೂ ಇಲ್ಲವಲ್ಲ?"

"ಅದಕ್ಕೇ ಕಟ್ಟಿಟ್ಟಿದ್ದು. ಇವು ಪೂಜೆಗಷ್ಟೇ ಲಾಯಕ್ಕು."

ಕೆಂಚನ ಕಾಲು ಆಗಲೇ ಹೊರಕ್ಕೆ ತಿರುಗಿತ್ತು. ಓಲೆ ಹಿಡಿದ ಕೈಯ ಹೆಬ್ಬೆರಳಿಗೆ ಮಾತ್ರ ಅದರ ಮೇಲೆ ಸಣ್ಣ ಗೀರು ತಾಗಿತು. ಅವನ ಅಜ್ಜಿ ಕಬ್ಬಿಣದ ಮೊನೆಯಿಂದ ಓಲೆಯಲ್ಲಿ ಕೊರೆದು, ಆಮೇಲೆ ಮಸಿ ತಿಕ್ಕುತ್ತಿದ್ದಳು. ಕೆಂಚ ಪೂಜೆಯ ದೀಪದ ಮಸಿ ಬಳಿದು ಓಲೆಗೆ ತಿಕ್ಕಿದ. ಅಕ್ಷರಗಳು ಎದ್ದು ನಿಂತವು.

ಮಾಂತ್ರಿಕನ ಮುಖ ಬಿಳುಚಿತು. "ಆದರೂ ಕಾಲು ನಿಲ್ಲದೆ ನೀನು ಕೂರೋದು ಹೇಗೆ?"

ಕೆಂಚ ಪುಸ್ತಕವೊಂದರ ಕೆಂಪು ವಸ್ತ್ರ ಬಿಚ್ಚಿ ತನ್ನ ಕಾಲನ್ನೇ ಕಟ್ಟಿಕೊಂಡು ದೊಪ್ಪನೆ ಬಿದ್ದ.

"ಓದೋಕೆ ಬರುತ್ತೇನೋ?"

"ಒಂದೊಂದೇ ಅಕ್ಷರ ಕೂಡಿಸಿ ಬರುತ್ತೆ," ಎಂದ ಕೆಂಚ. ಅವನು ಬಡಾಯಿಯಿಲ್ಲದೆ ಆಡಿದ ಮೊದಲ ಮಾತು ಅದು.

ತಡವರಿಸಿ, ಬೆವರಿ, ಹಿಂದಕ್ಕೆ ಹೋಗಿ ಮತ್ತೆ ಓದಿದ. ಹೊತ್ತು ಇಳಿಯಿತು. ಅತ್ತ ಹಗ್ಗ ಕಿತ್ತುಹೋಯಿತು. ಇತ್ತ ಕೊನೆಯ ಅಕ್ಷರ ಬಾಯಿಂದ ಬಿತ್ತು. ನಿಂಗಿ ಪ್ರಪಾತದಂಚಿನಲ್ಲಿ ನಿಂತಳು. ಆಮೇಲೆ ಕೂತಳು. ಊರಿಗೆ ಊರೇ ಕೂತಿತು. ನಡಿಗೆಯೆಲ್ಲ ಕಾಳಮುಷ್ಟಿಯ ಕಾಲಿಗೆ ಸೇರಿ, ಅವನು ಏಳು ಬೆಟ್ಟ ದಾಟಿ ನಡೆಯುತ್ತಲೇ ಹೋದ.

"ಒಂದು ಓಲೆಗೆ ಇಷ್ಟು ಹೊತ್ತಾ, ಅಣ್ಣಾ?"

"ಓಲೆ ಉದ್ದ ಇತ್ತು ಕಣೇ."

ತಾಳೇಪಟ್ಟಣದಲ್ಲಿ ಪೂಜೆ ಈಗಲೂ ಒಂದೇ ದಿನ. ಮರುದಿನ ಬೆಳಗ್ಗೆ ಮೊದಲ ಗಂಟು ಬಿಚ್ಚುವವಳು ನಿಂಗಿ, ಪಕ್ಕದಲ್ಲಿ ಅಕ್ಷರ ಕೂಡಿಸುವವನು ಕೆಂಚ. ಊರವರು ಸುತ್ತ ಕೂತು ಕೇಳುತ್ತಾರೆ, ನೆಮ್ಮದಿಯಾಗಿ ಉಣ್ಣುತ್ತಾರೆ, ಕಾಲು ಚಾಚಿ ಮಲಗುತ್ತಾರೆ.