ಎಳ್ಳಿನಷ್ಟು ಸೀಸ

ಬಹಳ ಹಿಂದೆ, ಏಳು ಬೆಟ್ಟಗಳ ನಡುವೆ ಕನಕವತಿ ಎಂಬ ರಾಜ್ಯವಿತ್ತು. ಅಲ್ಲಿ ಪಟ್ಟಕ್ಕೇರುವವರು ಅಪರಂಜಿಯ ಕಿರೀಟವನ್ನೇ ತೊಡಬೇಕು. ಅದರಲ್ಲಿ ಎಳ್ಳಿನಷ್ಟು ಬೆರಕೆಯಿದ್ದರೂ ತೊಟ್ಟವರ ನಾಲಿಗೆ ಬೆರೆಸಿದವನ ವಶವಾಗುತ್ತಿತ್ತು. ಹಾಗಾಗಿ ಚಿನ್ನ ಪರೀಕ್ಷಿಸುವ ದ್ಯಾವಮ್ಮ ಮುದ್ರೆ ಒತ್ತದೆ ಅಲ್ಲಿ ಯಾವ ಕಿರೀಟವನ್ನೂ ಮಾಡುತ್ತಿರಲಿಲ್ಲ.

ರಾಜಕುಮಾರಿ ಚಂದ್ರಲೇಖೆಯ ಕಿರೀಟಕ್ಕೆಂದು ಜಂಭಕನೆಂಬ ಮಾಂತ್ರಿಕ ಚಿನ್ನದ ಗಟ್ಟಿ ತಂದುಕೊಟ್ಟ. ದ್ಯಾವಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡಳು. ಎಷ್ಟು ಹೊತ್ತಾದರೂ ಅದು ಅಪ್ಪಟ ಚಿನ್ನದಂತೆ ಬೆಚ್ಚಗಾಗಲಿಲ್ಲ.

ಮೊದಲು ಒರೆಗಲ್ಲಿಗೆ ಉಜ್ಜಿದಳು. ಗೆರೆ ಹಳದಿಯಾಗಿ ಹೊಳೆಯಿತು.

"ಮುದ್ರೆ ಒತ್ತು," ಎಂದ ಜಂಭಕ.

"ಒತ್ತಲ್ಲ. ಕಲ್ಲಿಗೆ ಗೊತ್ತಾಗುವುದು ಮೇಲ್ಮೈ ಮಾತ್ರ."

ಗಟ್ಟಿಯನ್ನು ಸೀಳಿ ಒಳಮೈಗೆ ದ್ರಾವಕ ಹನಿಸಿದಳು. ಬಣ್ಣ ಕೆಡಲಿಲ್ಲ.

"ಈಗಲಾದರೂ ಒತ್ತಮ್ಮ," ಎಂದ ಮುದಿ ರಾಜ. "ನಾಡೇ ಕಾಯುತ್ತಿದೆ."

"ಕಾಯಲಿ, ಮಹಾಪ್ರಭು. ನನಗಿನ್ನೂ ನಂಬಿಕೆ ಬಂದಿಲ್ಲ."

ಮೂರನೆಯದಾಗಿ ಮೂಳೆಯ ಬೂದಿಯಿಂದ ಬಟ್ಟಲು ಮಾಡಿ ಕುಲುಮೆಯಲ್ಲಿಟ್ಟು, ಗಟ್ಟಿಯನ್ನು ಅದರಲ್ಲಿ ಹಾಕಿದಳು. ಕರಗಿದ ಚಿನ್ನ ಅದರ ಮೇಲೆ ನಿಲ್ಲುತ್ತದೆ. ಕೀಳು ಲೋಹವನ್ನು ಬಟ್ಟಲು ಹೀರಿಕೊಳ್ಳುತ್ತದೆ. ಅದನ್ನು ನೋಡಿದ್ದೇ ಜಂಭಕನ ನಗು ಮಾಯವಾಯಿತು. ಅವನು ಬೆಂಕಿಯ ಹಾವಾಗಿ ಕುಲುಮೆಯನ್ನು ಸುತ್ತಿಕೊಂಡ. ಕಾವಲಿನವರು ಓಡಿಹೋದರು.

"ಮುದ್ರೆ ಒತ್ತಿ ಬದುಕಿಕೋ," ಎಂದಿತು ಹಾವು.

"ಕೈ ಬೇಕಾದರೆ ಸುಡು. ಸುಳ್ಳಿಗೆ ಮುದ್ರೆ ಒತ್ತುವ ಕೈ ಇದಲ್ಲ."

ಹಾವು ಉರಿ ಕಾರಿತು. ದ್ಯಾವಮ್ಮನ ಜಡೆ ಸುಟ್ಟುಹೋಯಿತು, ತೋಳಿನಲ್ಲಿ ಬೊಬ್ಬೆಗಳು ಎದ್ದವು. ಅವಳು ಹೆದರಿದ್ದಳು; ಆದರೂ ತಿದಿ ಒತ್ತುವುದನ್ನು ಬಿಡಲಿಲ್ಲ. ಕೈ ಸೋತಾಗ ಚಂದ್ರಲೇಖೆಯೇ ಬಂದು ಪಕ್ಕದಲ್ಲಿ ಕೂತಳು.

"ಕಿರೀಟ ತೊಡುವ ತಲೆ ನನ್ನದು, ದ್ಯಾವಮ್ಮ. ತಿದಿ ಇತ್ತ ಕೊಡಿ."

ಚಿನ್ನ ಕುದಿಯಿತು, ಮಿಂಚಿತು, ತಣಿದು ಗುಂಡಾಯಿತು. ದ್ಯಾವಮ್ಮ ಇಕ್ಕಳದಿಂದ ಅದನ್ನೆತ್ತಿದಳು. ಬಿಳಿ ಬಟ್ಟಲಿನ ತಳದಲ್ಲಿ ಎಳ್ಳಿನಷ್ಟು ಕಲೆ.

"ಸೀಸ," ಎಂದಳು. "ಎಲ್ಲರೂ ಬಂದು ನೋಡಿ."

ಜಂಭಕನ ಶಕ್ತಿಯೆಲ್ಲ ಆ ಕಲೆಯಲ್ಲಿತ್ತು. ಅವಳು ಬಟ್ಟಲನ್ನು ಕುಟ್ಟಿ ಪುಡಿಮಾಡಿದಳು. ಹಾವು ಬಾಲದಿಂದ ಹೆಡೆಯವರೆಗೆ ಬೂದಿಯಾಗಿ ಉದುರಿತು.

ಶುದ್ಧವಾದ ಚಿನ್ನದಲ್ಲಿ ಕಿರೀಟ ಸಿದ್ಧವಾಯಿತು. ಅದನ್ನು ತೊಟ್ಟ ಚಂದ್ರಲೇಖೆ ತನ್ನದೇ ನಾಲಿಗೆಯಿಂದ ಮೊದಲ ಆಜ್ಞೆ ಹೊರಡಿಸಿದಳು: "ಇನ್ನು ಮುಂದೆ ನಾನು ಕೊಡುವ ಚಿನ್ನವನ್ನೂ ಪರೀಕ್ಷೆ ಮಾಡದೆ ಯಾರೂ ತೆಗೆದುಕೊಳ್ಳಬೇಡಿ."

ಕನಕವತಿಯ ಜನ ಹಾಗೇ ಮಾಡಿದರು. ಯಾರಿಗೂ ತಲೆಬಾಗದೆ, ಹೊಟ್ಟೆತುಂಬ ಉಂಡು, ಬಹುಕಾಲ ಸುಖವಾಗಿ ಬಾಳಿದರು.